ಬಟಾಣಿ ಹೊಲದ ಹುಳಿ

ಆ ಮನೆಯ ಅತ್ತೆಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಓರಣದಮ್ಮ. ಸುಮ್ಮನೆ ಇಟ್ಟದ್ದಲ್ಲ. ಅವಳ ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಒಗೆದ ಬಟ್ಟೆ ಹಗ್ಗಕ್ಕೆ ಹಾಕಿದರೆ ಅಂಗಿಗಳೆಲ್ಲ ಒಂದೇ ಕಡೆಗೆ ಮುಖ ಮಾಡಬೇಕಿತ್ತು. ಹಾಲಿನವನು ಕೂಡ ಅವಳ ಬಾಗಿಲ ಮುಂದೆ ನಿಂತು, ಕ್ಯಾನಿನ ಹೊರಮೈಯನ್ನು ತೋಳಿನಿಂದ ಒರೆಸಿಕೊಂಡೇ ಕೂಗು ಹಾಕುತ್ತಿದ್ದ. ದೈವಭಕ್ತಿಯೂ ಅಷ್ಟೇ ಅಚ್ಚುಕಟ್ಟು. ಬೆಳಿಗ್ಗೆ ಎದ್ದು, ಕೈಕಾಲು ಮುಖ ತೊಳೆದು, ಪೂರ್ವದ ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚುತ್ತಿದ್ದಳು. ಹಿಂದಿನ ದಿನ ನಡೆದದ್ದನ್ನೆಲ್ಲ ಮೊದಲು ದೇವರಿಗೆ ಒಪ್ಪಿಸಿ, ಆಮೇಲೆ ಬೇಕಾದ್ದನ್ನು ಕೇಳುವುದು ಅವಳ ಕ್ರಮ. ಮುಚ್ಚಿಟ್ಟು ಬೇಡುವುದು ಮರ್ಯಾದೆಯಲ್ಲ ಎಂದು ಅವಳ ಎಣಿಕೆ. ಇಂಥ ಹೆಂಗಸು ಒಂದು ಹೊಲವನ್ನೇ ಇಟ್ಟಿಗೆ ಗೂಡಿನ ಬಾಯಿಗೆ ತಳ್ಳಿಬಿಡುವಂಥ ತಪ್ಪು ಮಾಡಿದಳು. ಮಾಡಿದ್ದು ಕೆಟ್ಟ ಮನಸ್ಸಿನಿಂದಲ್ಲ, ಆ ಅಚ್ಚುಕಟ್ಟಿನಿಂದಲೇ.

ಮನೆಯ ಹಿಂದೆ, ಇಳಿಜಾರು ಮುಗಿಯುವ ಕಡೆ, ಒಂದೂವರೆ ಎಕರೆಯ ತಗ್ಗು ಹೊಲವಿತ್ತು. ಜಿಗುಟು ಮಣ್ಣು. ಮದುವೆಯಾಗಿ ಬಂದ ಮೊದಲ ವರ್ಷವೇ ಸೊಸೆ ಅದನ್ನು ತನಗೆಂದು ಕೇಳಿ ಪಡೆದಿದ್ದಳು. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವವನು; ಮಣ್ಣಿನ ಹುಚ್ಚು ಸೊಸೆಗೇ. ಬಟಾಣಿ ಬಿತ್ತಿದಳು. ಗಿಡಗಳು ಒಂದು ಗೇಣು ಎದ್ದು, ಎಲೆ ಹಳದಿ ಮಾಡಿಕೊಂಡು, ಮುನಿಸಿಕೊಂಡ ಮಕ್ಕಳ ಹಾಗೆ ನಿಂತುಬಿಟ್ಟವು. ಎರಡನೆಯ ವರ್ಷ ಗೊಬ್ಬರ ಹೆಚ್ಚು ಕೊಟ್ಟಳು. ಆಗಲೂ ಅದೇ ಪಾಡು. ಕಿತ್ತು ನೋಡಿದರೆ ಬಟಾಣಿಯ ಬೇರಿನಲ್ಲಿ ಇರಬೇಕಾದ ಪುಟ್ಟ ಪುಟ್ಟ ಗಂಟುಗಳೇ ಇರಲಿಲ್ಲ. "ಮಣ್ಣು ಹುಳಿಯಾಗಿದೆ ಮಾವ. ಸುಣ್ಣದ ಪುಡಿ ಹಾಕಿದ್ರೆ ಸರಿಹೋಗುತ್ತೆ" ಎಂದು ಅವಳು ಹೇಳುತ್ತಲೇ ಬಂದಳು.

ಇತ್ತ ಇಟ್ಟಿಗೆ ಸುಡುವವನ ಕಣ್ಣು ಆ ಹೊಲದ ಮೇಲೆ ಬಿದ್ದಿತ್ತು. ಮೇಲಿನ ಎರಡಡಿ ಮಣ್ಣು ಕೆತ್ತಿಕೊಂಡು ಹೋಗುತ್ತೇನೆ ಎಂದು ಅವನು ಮಾವನ ಬೆನ್ನು ಹತ್ತಿದ್ದ.

"ಬಟಾಣಿಗೆ ಆಗದ ಮಣ್ಣು ಇಟ್ಟಿಗೆಗೆ ಹೇಳಿ ಮಾಡಿಸಿದ ಹಾಗಿದೆ ಯಜಮಾನ್ರೇ. ಸುಮ್ನೆ ಯಾಕೆ ಅದರ ಜೊತೆ ಗುದ್ದಾಡ್ತೀರಿ?" ಎನ್ನುತ್ತಿದ್ದ.

ಮಾವ ಮಾತಿನ ಮನುಷ್ಯ. ಬೇಗ ಆಡುವವರಲ್ಲ, ಆಡಿದರೆ ಹಿಂದೆ ತೆಗೆಯುವವರಲ್ಲ. ಒಂದು ದಿನ ಊಟದ ಮೇಜಿನ ಮುಂದೆ ಕೂತು ತೀರ್ಮಾನ ಹೇಳಿದರು:

"ನೋಡಮ್ಮ, ಮಣ್ಣು ಪರೀಕ್ಷೆ ಮಾಡಿಸು. ಸುಣ್ಣ ಬೇಕು ಅಂತ ಬಂದ್ರೆ ಗಣಿಯಿಂದ ಎರಡು ಲೋಡು ನಾನೇ ತಂದು ಸುರೀತೀನಿ. ಎರಡೇ. ಮೂರನೇದು ಕೇಳಬೇಡ. ನನ್ನ ಸೊಂಟಕ್ಕೂ ಆ ಹಳೇ ಟ್ರಾಕ್ಟರಿಗೂ ಇರೋ ಶಕ್ತಿ ಅಷ್ಟೇ. ಸುಣ್ಣ ಬೇಡ ಅಂತ ಬಂದ್ರೆ, ಇಲ್ಲ ಎರಡು ಲೋಡಿಗಿಂತ ಜಾಸ್ತಿ ಕೇಳಿದ್ರೆ, ಇಟ್ಟಿಗೆಯವನು ಬಂದು ಅಳೆದುಕೊಂಡು ಹೋಗಲಿ."

ಸೊಸೆ ಒಪ್ಪಿದಳು. ಮರುದಿನವೇ ಬಕೆಟ್ಟು ಗುದ್ದಲಿ ಹಿಡಿದು ಹೊಲಕ್ಕಿಳಿದು, ಅಂಕುಡೊಂಕಾಗಿ ನಡೆಯುತ್ತ ಹದಿನೈದು ಕಡೆ ಗೇಣುದ್ದ ಅಗೆದು, ಕಡೆಗೊಂದು ಹಿಡಿಯಂತೆ ಮಣ್ಣು ತಂದು ಕಲಸಿದಳು. ಅದರಲ್ಲಿ ಅರ್ಧ ಕಿಲೋ ಉಳಿಸಿ, ಜಗುಲಿಯ ನೆರಳಲ್ಲಿ ಕಾಗದದ ಮೇಲೆ ಹರಡಿದಳು. ಎರಡು ದಿನ ಆರಿದ ಮೇಲೆ ಬಟ್ಟೆಚೀಲಕ್ಕೆ ತುಂಬಿ, ಚೀಟಿ ಕಟ್ಟಿ, ನಾಳೆ ಬೆಳಿಗ್ಗೆ ಪರೀಕ್ಷೆಗೆ ಕೊಟ್ಟುಬರುತ್ತೇನೆಂದು ಕಿಟಕಿಯ ಕೆಳಗಿಟ್ಟಳು.

ಆ ಮಧ್ಯಾಹ್ನ ಓರಣದಮ್ಮ ಕುತೂಹಲಕ್ಕೆ ಚೀಲದ ಬಾಯಿ ಬಿಚ್ಚಿ ನೋಡಿದಳು. ಕೆಂಪೂ ಅಲ್ಲದ ಹಳದಿಯೂ ಅಲ್ಲದ ಹೆಂಟೆಗಳು, ಮಧ್ಯೆ ಕೂದಲಿನಂಥ ಬೇರುಗಳು, ಸಾಲದ್ದಕ್ಕೆ ಅರೆಜೀವದ ಒಂದು ಎರೆಹುಳ. ಇದನ್ನು ಕಚೇರಿಯ ಮೇಜಿನ ಮೇಲೆ ಸುರಿದರೆ ನೋಡಿದವರು ಏನೆಂದಾರು? ಇಂಥವರ ಮನೆಯ ಮಣ್ಣು ಎಂದು ಚೀಟಿಯಲ್ಲಿ ಬೇರೆ ಬರೆದಿದೆ. ಮಗುವಿನ ಫೋಟೊ ತೆಗೆಸುವಾಗ ತಲೆ ಬಾಚುವುದಿಲ್ಲವೆ? ಮುಖ ತೊಳೆಸುವುದಿಲ್ಲವೆ? ಅವಳು ಹೆಚ್ಚು ಯೋಚಿಸಲಿಲ್ಲ. ಚೀಲವನ್ನು ತಿಪ್ಪೆಯ ಮೇಲೆ ಕೊಡವಿದಳು. ಹಿತ್ತಿಲ ಗೋಡೆಯ ಪಕ್ಕದ ಹೂವಿನ ಪಾತಿಗೆ ಬಂದಳು. ಮೂವತ್ತು ವರ್ಷದಿಂದ ದಿನಾ ಒಲೆಯ ಬೂದಿ ಸುರಿದು, ತರಕಾರಿ ಸಿಪ್ಪೆ ಹಾಕಿ, ಕೈಯಾರೆ ಪುಡಿಮಾಡಿ ಸಾಕಿದ ಪಾತಿ ಅದು. ಮಣ್ಣು ಜರಡಿ ಹಿಡಿದ ಕಾಫಿಪುಡಿಯಂತಿತ್ತು. ಅದರಿಂದ ಚೀಲ ತುಂಬಿ, ಮೊದಲಿನ ಹಾಗೆಯೇ ಗಂಟು ಹಾಕಿ ಇಟ್ಟಳು. ಒಂದೇ ಜಮೀನು, ಒಂದೇ ಮಣ್ಣು ತಾನೆ, ಎಂದುಕೊಂಡಳು.

ವಾರ ಕಳೆದು ಸೊಸೆ ಪರೀಕ್ಷೆಯ ಕಾಗದ ತಂದಳು. ಮಣ್ಣು ಹುಳಿಯಲ್ಲ, ಬೇಕಾದ್ದಕ್ಕಿಂತ ಸ್ವಲ್ಪ ಚೌಳಿನ ಕಡೆಗೇ ಇದೆ, ಸುಣ್ಣ ಬೇಡ.

"ನೋಡಿದ್ರಾ? ನಮ್ಮ ಮಣ್ಣು ಪಾಸಾಯ್ತು" ಎಂದು ಓರಣದಮ್ಮ ಮುಖ ಅರಳಿಸಿದಳು.

ಯಾರೂ ನಗಲಿಲ್ಲ. ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಿಗೆ ಸುಣ್ಣದ ಮಾತು ಮುಗೀತು. ಹುಳಿ ಇಲ್ಲದೇನೇ ಬಟಾಣಿ ಬರ್ತಿಲ್ಲ ಅಂದ್ರೆ ಆ ಹೊಲದ ಹಣೇಬರಹ ಅಷ್ಟೇ. ಗುರುವಾರ ನಾಲ್ಕು ಗಂಟೆಗೆ ಬಾ ಅಂತ ಇಟ್ಟಿಗೆಯವನಿಗೆ ಹೇಳ್ತೀನಿ."

ಸೊಸೆ ಎದುರಾಡಲಿಲ್ಲ. ಎದುರಾಡಿದ್ದರೆ ಓರಣದಮ್ಮನಿಗೆ ಹಗುರವಾಗುತ್ತಿತ್ತು. ಸೊಸೆ ಎದ್ದು ಹೋಗಿ ಹಗ್ಗದ ಮೇಲಿನ ಬಟ್ಟೆ ತಂದು ಮಡಚತೊಡಗಿದಳು. ಒಂದಂಗಿಯ ಕೊರಳು ಅತ್ತ, ಒಂದರದು ಇತ್ತ. ಓರಣದಮ್ಮ ನೋಡಿದಳು, ಸರಿಮಾಡಲು ಕೈ ಮುಂದೆ ಬರಲಿಲ್ಲ. ತಾನು ಬಾಚಿದ ತಲೆ ಯಾವ ಮಗುವಿನದು ಎಂದು ಆಗ ಅವಳಿಗೆ ಅರಿವಾಯಿತು. ಪಕ್ಕದ ಮನೆಯ ಮಗುವನ್ನು ಕೂರಿಸಿ ಫೋಟೊ ತೆಗೆಸಿದಂತಾಗಿತ್ತು.

ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚಿದರೆ ಪ್ರಾರ್ಥನೆ ಮುಂದೆ ಸಾಗಲಿಲ್ಲ. ಹಿಂದಿನ ದಿನದ್ದು ಒಪ್ಪಿಸಬೇಕಲ್ಲ. ಬಟ್ಟೆ ಒಗೆದೆ, ಹಿತ್ತಿಲು ಗುಡಿಸಿದೆ, ಎಂದು ಶುರುಮಾಡಿ, ನಡುವೆ ಬಂದು ನಿಂತುಬಿಟ್ಟಳು. ದೇವರು ಕೇಳಿಸಿಕೊಳ್ಳುವುದರಲ್ಲಿ ಅವಸರವಿಲ್ಲದವನು; ಕಾದೇ ಕಾಯುತ್ತಾನೆ. ಅವಳಿಗೇ ಆ ಮೌನ ಸಹಿಸಲಾಗಲಿಲ್ಲ. "ಮೊದಲು ಸರಿಮಾಡಿ ಬರ್ತೀನಿ, ಆಮೇಲೆ ಹೇಳ್ತೀನಿ" ಎಂದು ಗೊಣಗಿ ಬಕೆಟ್ಟು ಹುಡುಕಿದಳು.

ಅಂದು ಮಂಗಳವಾರ. ಸೊಸೆ ಪೇಟೆಗೆ ಹೋಗಿದ್ದಳು. ಓರಣದಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹೊಲಕ್ಕಿಳಿದಳು. ಸೊಸೆ ನಡೆದಂತೆಯೇ ಅಂಕುಡೊಂಕಾಗಿ ನಡೆದಳು. ನೇರವಾಗಿ ಸಾಲು ಹಿಡಿದು ನಡೆದೇ ಅಭ್ಯಾಸವಾದ ಅವಳ ಕಾಲಿಗೆ ಅದೇ ದೊಡ್ಡ ಕಷ್ಟ. ಹದಿನೈದು ಕಡೆ ಅಗೆದಳು. ಉಗುರೊಳಗೆ ಮಣ್ಣು ಹೊಕ್ಕಿತು, ಕೈ ಕೆಸರಾಯಿತು. ಬೇರು ಸಿಕ್ಕರೆ ಬೇರು, ಹೆಂಟೆ ಸಿಕ್ಕರೆ ಹೆಂಟೆ, ಏನನ್ನೂ ಆರಿಸಲಿಲ್ಲ. ಅಟ್ಟದ ಮೇಲೆ, ಯಾರೂ ಹತ್ತದ ಮೂಲೆಯಲ್ಲಿ, ಕಾಗದ ಹಾಸಿ ಒಣಗಿಸಿದಳು. ಮನೆಯವರು ಕೇಳಿದರೆ ಬೀಜ ಒಣಗಿಸುತ್ತಿದ್ದೇನೆ ಎನ್ನೋಣವೆಂದುಕೊಂಡಿದ್ದಳು. ಯಾರೂ ಕೇಳಲಿಲ್ಲ; ಒಂದು ಸುಳ್ಳು ಹೇಳುವುದು ತಪ್ಪಿತು.

ಗುರುವಾರ ಬೆಳಿಗ್ಗೆ ಆ ಮಣ್ಣನ್ನು ಕೈಯಿಂದಲೇ ಚೀಲಕ್ಕೆ ತುಂಬಿ, ಚೀಟಿ ಕಟ್ಟಿ, ಉಗುರು ತೊಳೆಯಲೂ ನಿಲ್ಲದೆ ಮೊದಲ ಬಸ್ಸಿಗೇ ಹೊರಟಳು.

ಮಣ್ಣು ಪರೀಕ್ಷೆಯ ಕೇಂದ್ರವೆಂದರೆ ಉದ್ದನೆಯ ಒಂದು ಕೋಣೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಚೀಟಿ ಹಚ್ಚಿದ ರಟ್ಟಿನ ಡಬ್ಬಿಗಳು, ಒಂದರ ಪಕ್ಕ ಒಂದು. ಓರಣದಮ್ಮನಿಗೆ ಮೊದಲ ನೋಟಕ್ಕೇ ಆ ಕೋಣೆ ಹಿಡಿಸಿತು. ಬಿಳಿಯ ಕೋಟು ತೊಟ್ಟ ಮೇಡಂ ಒಬ್ಬಳು ಮರದ ಸುತ್ತಿಗೆಯಿಂದ ಹೆಂಟೆ ಒಡೆಯುತ್ತಿದ್ದಳು. ವಯಸ್ಸು ಸೊಸೆಯಷ್ಟೇ ಇದ್ದೀತು. ಓರಣದಮ್ಮ ಚಾಚಿದ ಚೀಲದ ಚೀಟಿ ಓದಿ ಹುಬ್ಬೇರಿಸಿದಳು.

"ಈ ಹೊಲದ ಮಣ್ಣು ಆಗಲೇ ಬಂದಿತ್ತಲ್ಲ ಅಮ್ಮ?"

"ಬಂದದ್ದು ಬೇರೆ ಮಣ್ಣು ಮೇಡಂ" ಎಂದಳು ಓರಣದಮ್ಮ. ಅಷ್ಟಕ್ಕೇ ನಿಲ್ಲಿಸೋಣವೆಂದು ನೋಡಿದಳು, ಆಗಲಿಲ್ಲ. "ಇದು ನೋಡೋಕೆ ಚೆನ್ನಾಗಿರ್ಲಿಲ್ಲ. ಅದಕ್ಕೆ ನಾನು ಹೂವಿನ ಪಾತಿಯದ್ದು ತುಂಬಿಸಿಬಿಟ್ಟೆ. ಸೊಸೆಗೆ ಗೊತ್ತಿಲ್ಲ. ವಾರ ಕಾಯೋ ಹಾಗಿಲ್ಲ, ಇವತ್ತೇ ನೋಡಿ ಹೇಳಿಬಿಡಿ."

"ಪಾತಿಗೆ ಬೂದಿ ಹಾಕ್ತೀರಾ?"

"ಮೂವತ್ತು ವರ್ಷದಿಂದ."

ಮೇಡಂ ತುಟಿ ಕಚ್ಚಿಕೊಂಡು ನಗು ತಡೆದಳು. "ಅದಕ್ಕೇ ಹಾಗೆ ಬಂತು. ಬೂದಿ ಹುಳಿಯನ್ನ ಕೊಂದುಬಿಡುತ್ತೆ. ಬೇಜಾರು ಮಾಡ್ಕೋಬೇಡಿ ಅಮ್ಮ, ನೀವೊಬ್ಬರೇ ಅಲ್ಲ. ಹೋದ ತಿಂಗಳು ಒಬ್ಬರು ಮಣ್ಣನ್ನ ತೊಳೆದು ತಂದಿದ್ರು."

"ಮಣ್ಣು ತೊಳೆದ್ರೆ ಉಳಿಯೋದೇನು?"

"ಮರಳು. ಮರಳನ್ನೇ ಪರೀಕ್ಷೆ ಮಾಡಿ ಕಳಿಸಿದೆ."

ಓರಣದಮ್ಮನಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು. ಮೇಡಂ ಪುಡಿಯನ್ನು ಜರಡಿ ಹಿಡಿದು, ತೂಗಿ, ಗಾಜಿನ ಲೋಟಕ್ಕೆ ಹಾಕಿ, ಅಷ್ಟೇ ಶುದ್ಧ ನೀರು ಸುರಿದು ಕಲಕಿದಳು. ಅರ್ಧ ಗಂಟೆ ಬಿಟ್ಟು, ಮೀಟರಿನ ಕಡ್ಡಿಯನ್ನು ತೊಳೆದು ಒರೆಸಿ ಅದರಲ್ಲಿ ಅದ್ದಿದಳು. ಅಂಕಿ ಕುಣಿದು ಕುಣಿದು ಐದು ಪಾಯಿಂಟ್ ಎರಡರಲ್ಲಿ ನಿಂತಿತು.

"ಏಳು ಅಂದ್ರೆ ಹುಳಿಯೂ ಇಲ್ಲ, ಚೌಳೂ ಇಲ್ಲ. ಅದಕ್ಕಿಂತ ಎಷ್ಟು ಕೆಳಗಿದ್ರೆ ಅಷ್ಟು ಹುಳಿ. ನಿಮ್ಮ ಸೊಸೆ ಹೇಳಿದ್ದು ಸರಿ."

"ದೇವರು ದೊಡ್ಡವನು. ಹಾಗಾದ್ರೆ ಸುಣ್ಣ ಎಷ್ಟು ಬೇಕು ಹೇಳಿ, ನಾನು ಬಸ್ಸು ಹಿಡೀತೀನಿ."

"ಕೂತ್ಕೊಳ್ಳಿ ಅಮ್ಮ. ಇದು ಹುಳಿ ಇದೆ ಅಂತ ಹೇಳುತ್ತೆ. ಎಷ್ಟು ಸುಣ್ಣ ಬೇಕು ಅಂತ ಹೇಳಲ್ಲ. ಮರಳು ಮಣ್ಣಿಗೂ ಇದೇ ಅಂಕಿ ಬರಬಹುದು, ಅದು ಸ್ವಲ್ಪಕ್ಕೇ ಸಮಾಧಾನ ಆಗುತ್ತೆ. ಜಿಗುಟು ಮಣ್ಣು ಹಾಗಲ್ಲ. ನೀರಿನಲ್ಲಿ ಹೊರಗೆ ತೋರಿಸೋದು ಒಂಚೂರು, ಹೊಟ್ಟೆಯೊಳಗೆ ಇಟ್ಕೊಂಡಿರೋದು ಬೇಕಾದಷ್ಟು."

"ನಮ್ಮ ನಾದಿನಿ ಹಾಗೆ" ಎಂದಳು ಓರಣದಮ್ಮ.

"ಎಲ್ಲರ ಮನೇಲೂ ಒಬ್ಬರು ಇರ್ತಾರೆ" ಎಂದು ಮೇಡಂ ಒಂದು ದೊಡ್ಡ ಸೀಸೆ ಇಳಿಸಿದಳು. "ಇದು ಬಫರ್ ನೀರು. ಇದರ ಅಂಕಿ ಏಳೂವರೆ. ಸುಲಭಕ್ಕೆ ಅಲುಗಾಡೋ ಜಾತಿ ಅಲ್ಲ. ಇದನ್ನ ಮಣ್ಣಿಗೆ ಸೇರಿಸ್ತೀನಿ. ಹೊಟ್ಟೆಯೊಳಗಿನ ಹುಳಿ ಎಲ್ಲ ಹೊರಗೆ ಬಂದು ಇದನ್ನ ಕೆಳಗೆ ಎಳೆಯುತ್ತೆ. ಎಷ್ಟು ಕೆಳಗೆ ಎಳೀತು ಅಂತ ನೋಡಿದ್ರೆ ಎಷ್ಟು ಸುಣ್ಣ ಬೇಕು ಅಂತ ಗೊತ್ತಾಗುತ್ತೆ."

ಲೋಟ ಅಲುಗಿಸುವ ಯಂತ್ರದ ಮೇಲೆ ತೂಗಾಡಿತು. ಓರಣದಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ನೋಡುತ್ತ ಕೂತಳು. ತನ್ನ ಹೊಲದ ಮಣ್ಣು, ತಾನು ನಾಚಿ ಮುಚ್ಚಿಟ್ಟ ಮಣ್ಣು, ಬೆಳಕಿನಲ್ಲಿ ಗಾಜಿನೊಳಗೆ ಸುತ್ತುತ್ತಿತ್ತು. ಅದರ ಬಗ್ಗೆ ಅವಳಿಗೆ ಅಂತಃಕರಣ ಹುಟ್ಟಿತು. ಹೊಟ್ಟೆಯೊಳಗೆ ಇಷ್ಟೆಲ್ಲ ಇಟ್ಟುಕೊಂಡು ಎರಡು ವರ್ಷ ಬೈಸಿಕೊಂಡಿತಲ್ಲ, ಕೇಳುವವರಿಲ್ಲದೆ.

ಅಂಕಿ ಆರು ಪಾಯಿಂಟ್ ಮೂರಕ್ಕೆ ಇಳಿದು ನಿಂತಿತು. ಮೇಡಂ ಗೋಡೆಯ ಮೇಲಿನ ಪಟ್ಟಿಯಲ್ಲಿ ಬೆರಳಿಟ್ಟಳು.

"ಎಷ್ಟು ಆಳ ಉಳ್ತೀರಿ?"

"ಒಂದು ಗೇಣು."

"ಸರಿಯಾಗಿದೆ. ಎಕರೆಗೆ ಮೂರೂವರೆ ಟನ್ ಸುಣ್ಣದ ಪುಡಿ. ಒಂದೂವರೆ ಎಕರೆಗೆ ಐದೂಕಾಲು."

ಮನೆಯ ಟ್ರೇಲರ್ ಹೊರುವುದು ಎರಡು ಟನ್. ಓರಣದಮ್ಮ ಬೆರಳು ಮಡಚಿದಳು. ಎರಡು ಲೋಡಿಗೆ ನಾಲ್ಕು. ಉಳಿದದ್ದಕ್ಕೆ ಮೂರನೆಯ ಲೋಡು.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮನಸ್ಸು ಅವಳನ್ನು ಪುಸಲಾಯಿಸಿತು. ಮೇಡಂ ಬರೆದುಕೊಟ್ಟ ಕಾಗದದಲ್ಲಿರುವುದು ಎಕರೆಗೆ ಮೂರೂವರೆ ಟನ್ ಎಂದು ಮಾತ್ರ. ಯಜಮಾನರು ಕೂಡಿಸಿ ಕಳೆಯುವ ಪೈಕಿಯಲ್ಲ. ಎರಡು ಲೋಡು ಸಾಕಂತೆ ಎಂದುಬಿಟ್ಟರೆ ಹೊಲ ಉಳಿಯುತ್ತದೆ. ಹೊಲ ಉಳಿಯುತ್ತದೆ, ಹುಳಿಯೂ ಉಳಿಯುತ್ತದೆ. ಮುಂದಿನ ವರ್ಷ ಬಟಾಣಿ ಮತ್ತೆ ಮುನಿಸಿಕೊಳ್ಳುತ್ತದೆ, ಆಗ ಸುಣ್ಣದ ಮೇಲೇ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಮಣ್ಣಿಗೆ ತಲೆ ಬಾಚಿದ್ದಾಯಿತು, ಈಗ ಅಂಕಿಗೂ ಬಾಚಬೇಕೆ? ಅವಳು ಕಾಗದವನ್ನು ಕೈಚೀಲದಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡಳು.

ಮನೆ ಸೇರುವಾಗ ನಾಲ್ಕೂಕಾಲು. ಇಟ್ಟಿಗೆಯವನು ಅಳತೆಯ ಟೇಪನ್ನು ಮಡಿಲಲ್ಲಿಟ್ಟುಕೊಂಡು ಚಹಾ ಹೀರುತ್ತಿದ್ದ. ಮಾವ ಎದುರಿಗೆ ಕೂತಿದ್ದರು. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಎಲ್ಲಿಗೆ ಹೋಗಿದ್ದೆ ಬೆಳಿಗ್ಗೆಯಿಂದ? ಉಗುರೆಲ್ಲ ಏನದು?" ಎಂದರು ಮಾವ. ನಲವತ್ತು ವರ್ಷದಲ್ಲಿ ಅವರು ಹೆಂಡತಿಯ ಉಗುರಿನಲ್ಲಿ ಮಣ್ಣು ನೋಡಿರಲಿಲ್ಲ.

ಓರಣದಮ್ಮ ನಿಂತೇ ಹೇಳಿದಳು. "ಹೋದ ಸಲ ಪರೀಕ್ಷೆಗೆ ಹೋದದ್ದು ಹೊಲದ ಮಣ್ಣಲ್ಲ ಕಣ್ರೀ. ನಾನು ಬದಲಾಯಿಸಿದ್ದೆ. ಇವಳು ತಂದದ್ದನ್ನ ತಿಪ್ಪೆಗೆ ಸುರಿದು ಹೂವಿನ ಪಾತಿಯದ್ದು ತುಂಬಿಸಿದ್ದೆ. ತಪ್ಪು ನಂದು."

ಇಟ್ಟಿಗೆಯವನು ಬಸಿಯಲ್ಲಿ ಲೋಟವನ್ನು ಮೆಲ್ಲಗಿಟ್ಟ.

"ಯಾಕೆ ಅತ್ತೆ?" ಎಂದಳು ಸೊಸೆ.

"ನೋಡೋಕೆ ಚೆನ್ನಾಗಿರ್ಲಿಲ್ಲ ಕಣಮ್ಮ. ಅದರಲ್ಲಿ ಒಂದು ಹುಳ ಬೇರೆ."

"ಹುಳಾನೂ ತಿಪ್ಪೆಗೆ ಸುರಿದ್ರಾ?"

"ಅದನ್ನ ಬೇರೆ ಎತ್ತಿ ತೇವ ಇರೋ ಕಡೆ ಬಿಟ್ಟೆ. ಅದೇನು ಪಾಪ ಮಾಡಿತ್ತು."

ಸೊಸೆಯ ಮುಖ ಬಿಗಿದೇ ಇತ್ತು. ಬಿಗಿದ ಮುಖ ಹಾಗೇ ಉಳಿಯಲು ಒಂದು ಕ್ಷಣ ಹೆಣಗಾಡಿತು, ಆಮೇಲೆ ಸೋತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ನಕ್ಕಳು. ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು.

"ಇವತ್ತು ನಿಜವಾದದ್ದನ್ನ ತೋರಿಸಿಕೊಂಡು ಬಂದೆ" ಎಂದು ಓರಣದಮ್ಮ ಕಾಗದ ಚಾಚಿದಳು. "ಮಣ್ಣು ಹುಳಿ. ಇವಳು ಹೇಳಿದ್ದೇ ಸರಿ. ಸುಣ್ಣ ಬೇಕು." ಉಸಿರೆಳೆದುಕೊಂಡಳು. "ಎರಡು ಲೋಡು ಸಾಲಲ್ಲ. ಮೂರು ಬೇಕು. ಐದೂಕಾಲು ಟನ್."

ಇಟ್ಟಿಗೆಯವನು ಟೇಪನ್ನು ಮತ್ತೆ ಕೈಗೆತ್ತಿಕೊಂಡ. "ಎರಡಕ್ಕಿಂತ ಜಾಸ್ತಿ ಅಂದ್ರೆ ನನಗೆ ಅಂತ ಮಾತಾಗಿತ್ತು, ಅಲ್ವಾ ಯಜಮಾನ್ರೇ?"

ಮಾವ ಅವನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದರು.

"ಮೂರು ಅಂತ ನನಗೆ ಯಾಕೆ ಹೇಳಿದೆ? ಎರಡು ಅಂದಿದ್ರೆ ನನಗೇನು ಗೊತ್ತಾಗ್ತಿತ್ತು?"

"ಗೊತ್ತಾಗ್ತಿರ್ಲಿಲ್ಲ. ಬಟಾಣಿಗೆ ಗೊತ್ತಾಗ್ತಿತ್ತು."

"ಅದಿರಲಿ. ಅದಕ್ಕೂ ಮೊದಲು ಒಂದು ಮಾತು ಹೇಳಿದೆಯಲ್ಲ, ಅದನ್ನ ಇನ್ನೊಂದು ಸಲ ಹೇಳು."

"ಯಾವುದು?"

"ತಪ್ಪು ಯಾರದು ಅಂದೆ?"

ಓರಣದಮ್ಮ ಗಂಡನನ್ನು ಕೆಕ್ಕರಿಸಿ ನೋಡಿದಳು. ಅವರ ಮೀಸೆಯ ಕೆಳಗೆ ಏನೋ ಅಲುಗಾಡುತ್ತಿತ್ತು. "ನಂದು" ಎಂದಳು.

"ಕೇಳಿಸ್ತೇನಪ್ಪಾ?" ಎಂದು ಮಾವ ಇಟ್ಟಿಗೆಯವನತ್ತ ತಿರುಗಿದರು. "ನಲವತ್ತು ವರ್ಷದ ಸಂಸಾರ. ಈ ಮನೇಲಿ ಹಾಲು ಉಕ್ಕಿದ್ರೆ ಒಲೆ ತಪ್ಪು, ಗಾಜು ಒಡೆದ್ರೆ ಗಾಳಿ ತಪ್ಪು, ಬಸ್ಸು ತಪ್ಪಿದ್ರೆ ನನ್ನ ತಪ್ಪು. ಇವತ್ತು ಇವಳು ಸಾಕ್ಷಿ ಇಟ್ಟುಕೊಂಡು ಒಪ್ಪಿಕೊಂಡಿದ್ದಾಳೆ. ಇದನ್ನ ಕೇಳಿ ನಾನು ಒಂದು ಲೋಡು ಜಾಸ್ತಿ ಹೊಡೆಯೋದಿಲ್ವಾ?"

"ಕೊಟ್ಟ ಮಾತು ಯಜಮಾನ್ರೇ?"

"ನಿನಗೆ ಬಾ ಅಂತ ಮಾತು ಕೊಟ್ಟದ್ದು ಹಿಂದಿನ ಕಾಗದದ ಮೇಲೆ. ಆ ಕಾಗದ ಹೂವಿನ ಪಾತಿದು. ಬೇಕಾದ್ರೆ ಪಾತಿಯ ಮಣ್ಣು ತಗೊಂಡು ಹೋಗು."

"ಅದರಲ್ಲಿ ಎಷ್ಟು ಇಟ್ಟಿಗೆ ಆದೀತು, ಒಂದು ಬಚ್ಚಲಿಗೂ ಸಾಲಲ್ಲ" ಎಂದು ಇಟ್ಟಿಗೆಯವನು ನಕ್ಕು ಎದ್ದ. ಹೊಸ್ತಿಲ ಬಳಿ ನಿಂತು ಸೊಸೆಯ ಕಡೆ ತಿರುಗಿದ. "ಬಟಾಣಿ ಬಂದ್ರೆ ನಮ್ಮ ಮನೆಗೂ ಒಂದು ಚೀಲ ಕಳಿಸಮ್ಮ. ಮಣ್ಣು ಬಿಟ್ಟುಕೊಟ್ಟವನು ನಾನು."

ಮರುದಿನ ಬೆಳಿಗ್ಗೆ ಓರಣದಮ್ಮ ಕಿಟಕಿಯ ಬಳಿ ನಿಂತು, ಅಂದು ಅರ್ಧಕ್ಕೆ ನಿಲ್ಲಿಸಿದ್ದನ್ನೆಲ್ಲ ದೇವರಿಗೆ ಒಪ್ಪಿಸಿದಳು. ವಾರದೊಳಗೆ ಮೂರು ಲೋಡೂ ಬಂದು ಬಿದ್ದವು. ಮೂರನೆಯದು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತಷ್ಟೇ. ಆದರೂ ಮಾವ ಇಡೀ ಲೋಡಿನ ನರಳಾಟ ನರಳಿ, ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಮಲಗಿದರು. ಅತ್ತೆ ಸೊಸೆ ಹೊಲಕ್ಕೆ ಹಗ್ಗ ಎಳೆದು ಚೌಕ ಚೌಕ ಮಾಡಿ, ಚೌಕಕ್ಕೆ ಇಷ್ಟು ಬಕೆಟ್ಟು ಎಂದು ಎಣಿಸಿ, ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುಣ್ಣ ಎರಚಿದರು. ಮೂಲೆಯೊಂದರಲ್ಲಿ ಮಣ್ಣು ತೀರ ಬಡವಾಗಿ ಕಂಡಿತೆಂದು ಓರಣದಮ್ಮ ಇನ್ನೊಂದು ಬಕೆಟ್ಟು ಎತ್ತಿದಳು. ಸೊಸೆ ಬಂದು ಬಕೆಟ್ಟಿನ ಹಿಡಿ ಹಿಡಿದುಕೊಂಡಳು.

"ಬೇಡ ಅತ್ತೆ. ಜಾಸ್ತಿಯಾದ್ರೂ ಕೆಡುತ್ತೆ. ಅದು ಕೇಳಿದಷ್ಟೇ."

"ಪಾಪ, ಒಂದು ಹಿಡಿ."

"ಒಂದು ಹಿಡಿನೂ ಬೇಡ."

ಓರಣದಮ್ಮ ಬಕೆಟ್ಟು ಇಳಿಸಿದಳು. ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಬೆಳ್ಳಗಾಗಿತ್ತು. ಹೊಲದುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು.

"ಈ ಹುಳಿ ಇಳಿಯೋಕೆ ಎಷ್ಟು ದಿನ ಬೇಕಂತೆ?"

"ಉತ್ತು ಬೆರೆಸಬೇಕು, ಮಳೆ ಬೀಳಬೇಕು. ನಾಲ್ಕೈದು ತಿಂಗಳಾದ್ರೂ ಬೇಕು ಅತ್ತೆ."

"ಅಲ್ಲೀವರೆಗೆ ನಾವೇನು ಮಾಡಬೇಕು?"

"ಏನೂ ಇಲ್ಲ. ಸುಮ್ಮನಿರಬೇಕು."

"ನನಗೆ ಬರದೇ ಇರೋದು ಅದೊಂದೇ ಕೆಲಸ" ಎಂದಳು ಓರಣದಮ್ಮ. ಸೊಸೆ ಮುಂದಿನ ಚೌಕದ ಹಗ್ಗ ಬಿಗಿಹಿಡಿದು ಕಾಯುತ್ತಿದ್ದಳು. ಅತ್ತೆ ಇನ್ನೊಂದು ತುದಿ ಹಿಡಿಯಲು ಹೋದಳು.